ಎಲೆಯಲ್ಲಿ ತೂತಿದ್ದರೆ ಗಾಬರಿ ಬೇಡ

(ಶಿವಮೊಗ್ಗದಲ್ಲಿ ಕೈತೋಟದ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭೆಯಿಂದ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಬಹುತೇಕ ಎಲ್ಲರ ಹಿತ್ತಲಲ್ಲೂ ಒಂದು ಕರಿಬೇವಿನ ಗಿಡ ಇದೆ, ಅಲ್ವಾ? ನಾಳೆ ಒಗ್ಗರಣೆಗೆ ಎಲೆ ಕೀಳಲು ಹೋದಾಗ ಚಿಗುರಿನ ಮೇಲೆ ಸ್ವಲ್ಪ ಕಣ್ಣಾಡಿಸಿ. ಹಕ್ಕಿ ಹಿಕ್ಕೆ ಹಾಕಿದ ಹಾಗೆ ಕಂದು-ಬಿಳಿ ಬಣ್ಣದ್ದೇನೋ ಎಲೆಗೆ ಅಂಟಿಕೊಂಡಿದ್ದರೆ ಒರೆಸಿ ಹಾಕಬೇಡಿ. ಅದು ಹುಳ. ಹಿಕ್ಕೆಯನ್ನು ಯಾವ ಹಕ್ಕಿಯೂ ತಿನ್ನುವುದಿಲ್ಲವಲ್ಲ, ಆ ಧೈರ್ಯದ ಮೇಲೆ ಬಟ್ಟಬಯಲಲ್ಲೇ ಕೂತಿರುತ್ತದೆ. ಕೆಲವು ದಿನ ಬಿಟ್ಟು ನೋಡಿದರೆ ಅದೇ ಹುಳ ಪೊರೆ ಬಿಟ್ಟು ಹಸಿರಾಗಿರುತ್ತದೆ. ಬೆನ್ನಿನ ಮುಂಭಾಗದಲ್ಲಿ ಎರಡು ಕಣ್ಣು ಬರೆದ ಹಾಗೆ ಮಚ್ಚೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪನೆಯ ಕವಲುಕೊಂಬು ಸರಕ್ಕನೆ ಹೊರಗೆ ಬರುತ್ತದೆ. ಜೊತೆಗೆ ಒಂದು ಘಾಟು ವಾಸನೆ. ಕಚ್ಚುವುದಿಲ್ಲ, ಚುಚ್ಚುವುದಿಲ್ಲ, ಸುಮ್ನೆ ಹೆದರಿಸುತ್ತದೆ ಅಷ್ಟೆ.

ಇದು ಕಾಮನ್ ಮಾರ್ಮನ್ ಅನ್ನುವ ಕಪ್ಪು ಚಿಟ್ಟೆಯ ಮರಿ. ಕರಿಬೇವು, ನಿಂಬೆ, ಕಂಚಿ, ಇಂಥ ಗಿಡಗಳ ಎಲೆ ಬಿಟ್ಟು ಬೇರೆ ಏನು ಕೊಟ್ಟರೂ ಮುಟ್ಟುವುದಿಲ್ಲ. ನಾವು ಏನು ಮಾಡುತ್ತೇವೆ? ಎಲೆಯಲ್ಲಿ ತೂತು ಕಂಡ ಕೂಡಲೇ ಅಂಗಡಿಗೆ ಹೋಗಿ ಔಷಧಿ ತಂದು ಹೊಡೆಯುತ್ತೇವೆ. ಆಮೇಲೆ ಗೇಟಿನ ಹತ್ತಿರ ಬಣ್ಣದ ಹೂವಿನ ಕುಂಡ ಇಟ್ಟು, ಚಿಟ್ಟೆ ಯಾಕೆ ಬರುವುದಿಲ್ಲ ಅಂತ ಕೇಳುತ್ತೇವೆ.

ನಾನು ಇವತ್ತು ಹೇಳಬೇಕೆಂದು ಬಂದದ್ದು ಇದನ್ನೇ. ಅಂಗಳದಲ್ಲಿ ಜೀವ ತುಂಬಬೇಕಾದರೆ ನೋಡಬೇಕಾದದ್ದು ಹೂವನ್ನಲ್ಲ, ಎಲೆಯನ್ನು. ಆ ಎಲೆಯನ್ನು ಯಾರಾದರೂ ತಿನ್ನುತ್ತಿದ್ದಾರಾ ಅಂತ ನೋಡಬೇಕು. ಬರೀ ಮಕರಂದದ ಹೂ ಬೆಳೆಸಿದ ತೋಟ ಅಂದರೆ ಮದುವೆಗೆ ಬಂದವರಿಗೆ ಪಾನಕ ಕೊಟ್ಟು, ಊಟಕ್ಕೆ ಎಲೆ ಹಾಕದೆ ಕಳಿಸಿದ ಹಾಗೆ. ಬರುತ್ತಾರೆ, ಕುಡಿಯುತ್ತಾರೆ, ಹೋಗುತ್ತಾರೆ. ಯಾರೂ ಅಲ್ಲಿ ಸಂಸಾರ ಹೂಡುವುದಿಲ್ಲ.

ಗಿಡಗಳು ತಮ್ಮ ಎಲೆಯನ್ನು ಯಾರಿಗೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಒಂದೊಂದು ಗಿಡವೂ ಒಂದೊಂದು ಕಹಿ, ಒಂದೊಂದು ವಿಷ ಇಟ್ಟುಕೊಂಡಿರುತ್ತದೆ. ಅದನ್ನು ಅರಗಿಸಿಕೊಳ್ಳಲು ಹುಳಗಳಿಗೆ ಲಕ್ಷಾಂತರ ವರ್ಷ ಬೇಕಾಗಿದೆ. ಅದಕ್ಕೇ ಹೆಚ್ಚಿನ ಹುಳಗಳು ಒಂದೋ ಎರಡೋ ಕುಟುಂಬದ ಗಿಡಗಳಿಗೆ ಅಂಟಿಕೊಂಡಿವೆ. ಎಕ್ಕದ ಹಾಲು ನಮ್ಮ ಕಣ್ಣಿಗೆ ಬಿದ್ದರೆ ಆಸ್ಪತ್ರೆಗೆ ಓಡಬೇಕು, ಪ್ಲೇನ್ ಟೈಗರ್ ಚಿಟ್ಟೆಯ ಮರಿ ಅದೇ ಎಲೆಯನ್ನು ತಿಂದು ದಪ್ಪಗಾಗುತ್ತದೆ. ಕ್ರೋಟನ್ ಗಿಡ ಬಂದದ್ದು ಆಗ್ನೇಯ ಏಷ್ಯಾದ ದ್ವೀಪಗಳ ಕಡೆಯಿಂದ. ಅದರ ಎಲೆಯ ಪರಿಚಯ ನಮ್ಮ ಹುಳಗಳಿಗೆ ಇಲ್ಲವೆಂದೇ ಹೇಳಬೇಕು. ನರ್ಸರಿಯವರು "ಈ ಗಿಡಕ್ಕೆ ಹುಳದ ಕಾಟವೇ ಇಲ್ಲ ಮೇಡಂ" ಅಂತ ಹೊಗಳುತ್ತಾರಲ್ಲ, ನನ್ನ ಲೆಕ್ಕದಲ್ಲಿ ಆ ಗಿಡದ ಕೊರತೆಯೇ ಅದು.

ಈ ಮಾತಿಗೆ ಒಳ್ಳೆಯ ಉದಾಹರಣೆ ನಮ್ಮ ರಾಜ್ಯದ ಚಿಟ್ಟೆಯೇ. ಸದರ್ನ್ ಬರ್ಡ್‌ವಿಂಗ್. ಮಲೆನಾಡಿನವರು ನೋಡಿಯೇ ಇರುತ್ತೀರಿ. ಅಂಗೈಗಿಂತ ಅಗಲ, ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಹಳದಿ. ಚಿಟ್ಟೆಯಂತೆ ಪಟಪಟ ಅನ್ನದೆ ಹಕ್ಕಿಯಂತೆ ತೇಲಿಕೊಂಡು ಹೋಗುತ್ತದೆ. ದಕ್ಷಿಣ ಭಾರತ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಇದು ಮೊಟ್ಟೆಯಿಡುವುದು ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಸಂಬಂಧಿಗಳ ಮೇಲೆ ಮಾತ್ರ. ಈಶ್ವರಿ ಬಳ್ಳಿಯಲ್ಲಿ ಒಂದು ವಿಷದ ಆಮ್ಲ ಇದೆ. ಮರಿ ಎಲೆ ತಿಂದು ಆ ವಿಷವನ್ನು ಮೈಯಲ್ಲೇ ಕೂಡಿಡುತ್ತದೆ. ಮುಂದೆ ಚಿಟ್ಟೆಯಾದಾಗಲೂ ಅದು ಮೈಯಲ್ಲಿ ಉಳಿಯುತ್ತದೆ. ಒಮ್ಮೆ ಬಾಯಿಟ್ಟ ಹಕ್ಕಿ ಮತ್ತೊಮ್ಮೆ ಅದರ ತಂಟೆಗೆ ಬರುವುದಿಲ್ಲ. ಕ್ರಿಮ್ಸನ್ ರೋಸ್, ಕಾಮನ್ ರೋಸ್ ಅನ್ನುವ ಚಿಟ್ಟೆಗಳೂ ಇದೇ ಬಳ್ಳಿಯನ್ನು ನಂಬಿವೆ. ತಮಾಷೆ ಏನೆಂದರೆ, ನಿಮ್ಮ ಕರಿಬೇವಿನಲ್ಲಿ ಬೆಳೆದ ಕಾಮನ್ ಮಾರ್ಮನ್ ಇದೆಯಲ್ಲ, ಅದರಲ್ಲಿ ಕೆಲವು ಹೆಣ್ಣುಗಳು ಥೇಟ್ ಈ ರೋಸ್ ಚಿಟ್ಟೆಗಳ ವೇಷ ಹಾಕಿಕೊಂಡು ಓಡಾಡುತ್ತವೆ. ಮೈಯಲ್ಲಿ ವಿಷ ಇಲ್ಲ, ವೇಷ ಮಾತ್ರ. ಯಕ್ಷಗಾನದ ಊರಿನವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ.

ಈಗ ಕೇಳಿ. ಇದೇ ಈಶ್ವರಿ ಬಳ್ಳಿಯ ಕುಟುಂಬದ ದಕ್ಷಿಣ ಅಮೆರಿಕದ ಬಳ್ಳಿಯೊಂದನ್ನು ಚಂದದ ಹೂವಿಗಾಗಿ ಪ್ರಪಂಚದ ಎಲ್ಲ ಕಡೆ ತೋಟಗಳಲ್ಲಿ ಬೆಳೆಸುತ್ತಾರೆ. ಹೂ ನಶ್ಯದ ಬಣ್ಣದ್ದು, ಮೇಲೆ ಬಿಳಿ ಚಿತ್ತಾರ. ಆಸ್ಟ್ರೇಲಿಯಾದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಅನ್ನುವ ಚಿಟ್ಟೆ ವಾಸನೆಗೆ ಮೋಸಹೋಗಿ ಆ ಬಳ್ಳಿಯ ಮೇಲೆ ಮೊಟ್ಟೆ ಇಡುತ್ತದೆ. ಮರಿ ಹೊರಬಂದು ಎಲೆ ತಿಂದ ಕೂಡಲೇ ಸಾಯುತ್ತದೆ. ಒಂದೇ ಕುಟುಂಬದ ಗಿಡವಾದರೂ ವಿಷದ ಹದ ಬೇರೆ. ಹಾಗಾಗಿ ಚಿಟ್ಟೆಗೆ ಅಂತ ಬಳ್ಳಿ ತರುವವರು ನಮ್ಮ ನಾಟಿ ಈಶ್ವರಿ ಬಳ್ಳಿಯನ್ನೇ ಹುಡುಕಿ. ಅದರ ಹೂ ನೋಡಲು ಏನೂ ಅಲ್ಲ. ಹಸಿರು-ನಸುಗೆಂಪಿನ ಸಣ್ಣ ಕೊಳವೆ. ಒಣಗಿದ ಕಾಯಿ ಮಾತ್ರ ಬಿರಿದು ತಲೆಕೆಳಗಾದ ಪುಟ್ಟ ಛತ್ರಿಯಂತೆ ನೇತಾಡುತ್ತದೆ, ಅದು ಚಂದ.

ಹುಳ ಬಂದರೆ ಹಕ್ಕಿ ಬರುತ್ತದೆ. ಸೂರಕ್ಕಿ ಹೂವಿನ ರಸ ಕುಡಿದು ಬದುಕುತ್ತದೆ ಅಂತ ನಾವು ಅಂದುಕೊಂಡಿದ್ದೇವೆ, ನಿಜ. ಆದರೆ ಮರಿಗೆ ಅದು ತಿನ್ನಿಸುವುದು ಹುಳ, ಜೇಡ. ಟುವ್ವಿ, ಚೇಕಡಿ, ಮಡಿವಾಳ ಹಕ್ಕಿಗಳದ್ದೂ ಅದೇ ಕಥೆ. ಅಮೆರಿಕದಲ್ಲಿ ಚೇಕಡಿಯ ಸಂಬಂಧಿಯೊಂದರ ಬಗ್ಗೆ ಒಂದು ಅಧ್ಯಯನ ನಡೆದಿದೆ. ವಾಷಿಂಗ್ಟನ್ ಸುತ್ತಮುತ್ತಲಿನ ಮನೆಗಳ ಅಂಗಳದಲ್ಲಿ ಮಾಡಿದ್ದು, 2018ರಲ್ಲಿ ಪ್ರಕಟವಾಯಿತು. ಅಂಗಳದ ಗಿಡಮರಗಳಲ್ಲಿ ಶೇಕಡಾ 70ಕ್ಕಿಂತ ಜಾಸ್ತಿ ಅಲ್ಲಿನ ಸ್ಥಳೀಯ ಜಾತಿಯವು ಇದ್ದಲ್ಲಿ ಮಾತ್ರ ಆ ಹಕ್ಕಿಯ ಸಂಖ್ಯೆ ನಿಲ್ಲುತ್ತದೆ, ಇಲ್ಲವಾದರೆ ಇಳಿಯುತ್ತಾ ಹೋಗುತ್ತದೆ ಅಂತ ಗೊತ್ತಾಯಿತು. ಅಲ್ಲಿನ ಲೆಕ್ಕವನ್ನು ಹಾಗೇ ತಂದು ತೀರ್ಥಹಳ್ಳಿಗೆ ಅಂಟಿಸಲು ಆಗುವುದಿಲ್ಲ. ನಮ್ಮ ಹಕ್ಕಿ ಬೇರೆ, ಮಳೆ ಬೇರೆ, ಬೇಲಿಯಾಚೆ ಕಾಡು ಬೇರೆ ಇದೆ. ಆದರೆ ಹುಳ ಇಲ್ಲದೆ ಮರಿ ಸಾಕಲು ಆಗುವುದಿಲ್ಲ ಅನ್ನುವುದು ಎರಡೂ ಕಡೆ ಒಂದೇ.

ಹಾಗಂತ ನಾಳೆಯೇ ಮನೆಗೆ ಹೋಗಿ ಹೊರಗಿನಿಂದ ಬಂದದ್ದನ್ನೆಲ್ಲ ಕಿತ್ತು ಬಿಸಾಡಿ ಅಂತ ನಾನು ಹೇಳುವುದಿಲ್ಲ. ಹಾಗೆ ಹೊರಟರೆ ಮೊದಲು ಅಡಿಕೆ ಮರವನ್ನೇ ಕಡಿಯಬೇಕಾಗುತ್ತದೆ, ಅದೂ ಆಗ್ನೇಯ ಏಷ್ಯಾದ ಕಡೆಯಿಂದ ಬಂದದ್ದೇ. ಮೆಣಸಿನಕಾಯಿ, ಪೇರಲೆ, ಗೇರು, ಪಪ್ಪಾಯಿ ಎಲ್ಲ ಅಮೆರಿಕದವು. ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸು ಮಾತ್ರ ಅಪ್ಪಟ ಘಟ್ಟದ್ದು. ಇನ್ನು ಡೇರೆ ಹೂ. ಮೆಕ್ಸಿಕೋದಿಂದ ಬಂದ ಡೇರೆ ಹೂವನ್ನು ಮಲೆನಾಡಿನ ಅಮ್ಮಂದಿರಿಂದ ಬೇರೆ ಮಾಡುವ ಶಕ್ತಿ ನನಗಿಲ್ಲ. ಮಳೆಗಾಲದ ಅಂಗಳದಲ್ಲಿ ಸೋಗೆ ತಟ್ಟಿಯ ಪಕ್ಕ ಸಾಲಾಗಿ ನಿಂತ ಡೇರೆ ಇಲ್ಲದಿದ್ದರೆ ಅದು ಮಲೆನಾಡಿನ ಮನೆ ಅನ್ನಿಸುವುದಿಲ್ಲ. ಅದು ಅಂಗಳ ದಾಟಿ ಕಾಡಿಗೆ ಹೋಗುವುದೂ ಇಲ್ಲ. ಇರಲಿ ಬಿಡಿ.

ನನ್ನ ತಕರಾರು ಇರುವುದು ಬೇಲಿ ಹಾರುವ ಗಿಡಗಳ ಬಗ್ಗೆ. ಲಂಟಾನ ನಮ್ಮ ದೇಶಕ್ಕೆ ಬಂದದ್ದು 19ನೇ ಶತಮಾನದ ಶುರುವಿನಲ್ಲಿ, ಅಲಂಕಾರದ ಗಿಡವಾಗಿ. ಈಗ ಅದು ಎಲ್ಲೆಲ್ಲಿದೆ ಅಂತ ಹೇಳಬೇಕಾಗಿಲ್ಲ. ಅದರ ಹೂವಿಗೆ ಚಿಟ್ಟೆ ಮುತ್ತುತ್ತವೆ, ಅದನ್ನು ನೋಡಿ ಒಳ್ಳೆಯ ಗಿಡ ಅಂದುಕೊಳ್ಳುವವರಿದ್ದಾರೆ. ಅದೇ ಪಾನಕದ ಲೆಕ್ಕ. ಅದಕ್ಕಿಂತ ಈಗ ನನಗೆ ಜಾಸ್ತಿ ಭಯ ಇರುವುದು ವೆಡೇಲಿಯಾ ಬಗ್ಗೆ. ನೆಲಕ್ಕೆ ಹಬ್ಬುವ ಹೊಳೆಯುವ ಹಸಿರು ಎಲೆ, ಹಳದಿ ಸೇವಂತಿಗೆಯಂಥ ಸಣ್ಣ ಹೂ. ಶಿವಮೊಗ್ಗದ ಬಡಾವಣೆಗಳಲ್ಲಿ ಕಾಂಪೌಂಡಿನ ಹೊರಗೆ, ರಸ್ತೆ ನಡುವಿನ ಪಟ್ಟಿಯಲ್ಲಿ ಎಲ್ಲ ಕಡೆ ಕಾಣುತ್ತದೆ. ಪ್ರಪಂಚದ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಲಂಟಾನದ ಜೊತೆ ಇದೂ ಇದೆ. ಗಿಣ್ಣು ನೆಲಕ್ಕೆ ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ಕಿತ್ತವರು ತಂದು ಹಳ್ಳದ ಬದಿಗೆ ಎಸೆಯುತ್ತಾರೆ. ಮುಂದಿನ ಮಳೆಗೆ ಹಳ್ಳದ ದಂಡೆಯೆಲ್ಲ ಅದೇ. ಕಿತ್ತರೆ ಬಿಸಿಲಲ್ಲಿ ಸಿಮೆಂಟಿನ ಮೇಲೆ ಹರವಿ, ಪೂರ್ತಿ ಒಣಗಿಸಿ, ಆಮೇಲೆ ಗೊಬ್ಬರಗುಂಡಿಗೆ ಹಾಕಿ.

ಹಾಗಾದರೆ ಏನು ನೆಡುವುದು? ಪೇಟೆಯಲ್ಲಿ 30-40 ಸೈಟಿನ ಮನೆ ಅಂತ ಇಟ್ಟುಕೊಳ್ಳೋಣ. ಸುತ್ತ ಮೂರು ನಾಲ್ಕು ಅಡಿ ಜಾಗ, ಅದಕ್ಕೂ ಇಂಟರ್‌ಲಾಕ್ ಹಾಸಿಯಾಗಿದೆ. ಒಂದು ಮೂಲೆಯಲ್ಲಿ ಹತ್ತಿಪ್ಪತ್ತು ಕಲ್ಲು ಎಬ್ಬಿಸಿ. ನೆಲಕ್ಕೆ ಉಸಿರಾಡಲು ಆಗಲಿ. ಕರಿಬೇವು ಇದ್ದೇ ಇದೆ. ಪಕ್ಕದಲ್ಲಿ ಒಂದು ಗುಡ್ಡೆದಾಸವಾಳ ಇಡಿ, ಕೆಂಪು ಗೊಂಚಲಿನ ನಮ್ಮ ಕಾಡಿನದ್ದು. ನರ್ಸರಿಯ ಕುಳ್ಳ ಜಾತಿ ಬೇಡ. ನೀಲಿ ಮಾರ್ಮನ್ ಅನ್ನುವ ದೊಡ್ಡ ಚಿಟ್ಟೆ ಆ ಗೊಂಚಲಿನ ಮೇಲೆ ರೆಕ್ಕೆ ಬಡಿಯುತ್ತಲೇ ರಸ ಹೀರುವುದನ್ನು ನೋಡಿದವರು ಆಮೇಲೆ ಗಿಡ ಬದಲಿಸುವುದಿಲ್ಲ. ಕಾಂಪೌಂಡಿಗೆ ಈಶ್ವರಿ ಬಳ್ಳಿ. ತುಂಬೆ ತಾನಾಗಿ ಹುಟ್ಟಿದರೆ ಕೀಳಬೇಡಿ, ಪೂಜೆಗೂ ಆಯಿತು, ಸಣ್ಣ ಜೇನಿಗೂ ಆಯಿತು. ಸ್ವಲ್ಪ ಜಾಗ ಜಾಸ್ತಿ ಇದ್ದರೆ ದಾಲ್ಚಿನ್ನಿ, ಸಂಪಿಗೆ, ಬಿಲ್ವ, ಕಕ್ಕೆ, ಇದರಲ್ಲಿ ಒಂದು. ಸಂಪಿಗೆಯ ಎಲೆ ಟೈಲ್ಡ್ ಜೇ ಚಿಟ್ಟೆಗೆ, ಕಕ್ಕೆಯ ಎಲೆ ಕಾಮನ್ ಎಮಿಗ್ರಂಟ್ ಚಿಟ್ಟೆಗೆ, ಬಿಲ್ವ ನಿಂಬೆ ಚಿಟ್ಟೆಗೆ. ಸಂಪಿಗೆಯ ಬೀಜಕ್ಕೆ ಹಕ್ಕಿಗಳೂ ಬರುತ್ತವೆ.

ಮಾವಿನ ಮರ ಇದ್ದವರು ಕೆಳಗಿನ ಕೊಂಬೆಯ ಎಲೆಗಳನ್ನು ಒಮ್ಮೆ ನೋಡಿ. ಕಾಮನ್ ಬ್ಯಾರನ್ ಚಿಟ್ಟೆಯ ಮರಿ ಎಲೆಯ ನಡುದಿಂಡಿನ ಮೇಲೆ ಉದ್ದಕ್ಕೆ ಮಲಗಿರುತ್ತದೆ. ಅದರ ಬೆನ್ನ ಮೇಲೆ ಹಳದಿ ಗೆರೆ, ಎರಡೂ ಪಕ್ಕಕ್ಕೆ ಹಸಿರು ಗರಿಯಂಥ ಮುಳ್ಳು. ಗೆರೆ ಎಲೆಯ ದಿಂಡಿಗೆ ಕೂಡಿಕೊಳ್ಳುತ್ತದೆ, ಗರಿಗಳು ಎಲೆಯ ಬಣ್ಣಕ್ಕೆ. ಅಲ್ಲೇ ಇದ್ದರೂ ಕಾಣುವುದಿಲ್ಲ. ಮಕ್ಕಳಿಗೆ ಹುಡುಕಲು ಹೇಳಿ, ಅವರಿಗೆ ನಮಗಿಂತ ಬೇಗ ಸಿಗುತ್ತದೆ.

ಹಳ್ಳಿಯ ಮನೆಯವರಿಗೆ ಬೇಲಿಯೇ ದೊಡ್ಡ ಅವಕಾಶ. ಈಚೆಗೆ ಎಲ್ಲ ಕಡೆ ಕಲ್ಲುಕಂಬ, ತಂತಿ ಬಂದಿದೆ. ತಂತಿಯ ಗುಂಟ ಕೌಳಿ ಮಟ್ಟಿ ಎಬ್ಬಿಸಿ. ಮುಳ್ಳಿನ ಬೇಲಿ ಆಗುತ್ತದೆ. ಬೇಸಿಗೆಯಲ್ಲಿ ಬಿಳಿ ಹೂವಿನ ಪರಿಮಳ, ಆಮೇಲೆ ಹಣ್ಣು, ಪಿಕಳಾರಗಳ ಸಂತೆ. ಮರಕ್ಕೆ ಜಾಗ ಇರುವವರು ಮುರುಗಲು, ಉಪ್ಪಾಗೆ, ನೇರಳೆ, ರೆಂಜೆ ಹಾಕಿ. ಅತ್ತಿ, ಆಲ, ಬಸರಿ ಮಾತ್ರ ಮನೆಯಿಂದ ದೂರ. ಹಕ್ಕಿಗಳಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ, ಕುಟ್ರುಹಕ್ಕಿ, ಮಂಗಟ್ಟೆ ಎಲ್ಲ ಬರುತ್ತವೆ. ಆದರೆ ಬೇರು ಗೋಡೆಯನ್ನು ಕೇಳುವುದಿಲ್ಲ.

ಮನೆಯ ಮಗ್ಗುಲಲ್ಲಿ ಕಾಡಿನ ತುಂಡು ಇಟ್ಟುಕೊಳ್ಳುವುದು ನಮಗೆ ಹೊಸದೇನಲ್ಲ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಅನ್ನುವ ಅಧಿಕಾರಿಗಳು ಸೊರಬ ತಾಲೂಕು ಒಂದರಲ್ಲೇ 171 ಕಾನುಗಳ ಬಗ್ಗೆ ವರದಿ ಬರೆದಿದ್ದಾರೆ. ಊರವರು ಮೆಣಸಿಗೆ, ನೀರಿಗೆ, ದೇವರಿಗೆ ಅಂತ ಕಾಪಾಡಿಕೊಂಡು ಬಂದ ಕಾಡು ಅವು. ಉಳಿದಿರುವುದು ಎಷ್ಟು ಅಂತ ಸೊರಬದವರೇ ಹೇಳಬೇಕು.

ನೆಡುವ ಕಾಲದ ಬಗ್ಗೆ ಒಂದು ಮಾತು. ಮುಂಗಾರು ಹಿಡಿದು ಮಣ್ಣು ತಣಿದ ಮೇಲೆ ನೆಡಿ. ಬೀಜ ಹಾಕುವವರು ಮಾತ್ರ ಕಾಯಬೇಡಿ. ನೇರಳೆ, ಮುರುಗಲು, ಹಲಸು, ಹೆಬ್ಬಲಸು, ರಾಮಪತ್ರೆ ಇವುಗಳ ಬೀಜವನ್ನು ಒಣಗಿಸಿ ಡಬ್ಬದಲ್ಲಿ ತುಂಬಿಟ್ಟರೆ ಸತ್ತುಹೋಗುತ್ತದೆ. ಹಣ್ಣು ತಿಂದ ವಾರದೊಳಗೆ ಮಣ್ಣಿಗೆ ಸೇರಬೇಕು. ಕಾಡಿನಿಂದ ಗಿಡ ಕಿತ್ತು ತರಬೇಡಿ. ಸೀತಾಳೆ ದಂಡೆ ಅನ್ನುವ ಆರ್ಕಿಡ್ ಕಂಡರೆ ಯಾರಿಗೂ ಆಸೆಯಾಗುತ್ತದೆ, ಆದರೂ ಮರದಿಂದ ಕೀಳುವುದು ಬೇಡ. ಗಾಳಿಮಳೆಗೆ ನೆಲಕ್ಕೆ ಬಿದ್ದ ನಿಮ್ಮದೇ ತೋಟದ ಕೊಂಬೆಯಲ್ಲಿದ್ದರೆ ತಂದು ಹಲಸಿನ ಮರಕ್ಕೆ ಕಟ್ಟಿ.

ಗಿಡ ನೆಟ್ಟರೆ ಮುಗಿಯಲಿಲ್ಲ. ದಿನಾ ಬೆಳಿಗ್ಗೆ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿ ಬೆಂಕಿ ಹಾಕುವ ಅಭ್ಯಾಸ ಇದೆಯಲ್ಲ, ಅದನ್ನು ಸ್ವಲ್ಪ ಕಡಿಮೆ ಮಾಡಬೇಕು. ಅಂಗಳ ಗುಡಿಸಿ, ಬೇಡ ಅನ್ನುವುದಿಲ್ಲ. ಗುಡಿಸಿದ್ದನ್ನು ಗಿಡದ ಬುಡಕ್ಕೆ ತಳ್ಳಿ. ಮಿಣುಕುಹುಳದ ಮರಿ ಇಂಥ ತೇವದ ದರಗಿನಲ್ಲಿ ಬಸವನಹುಳ ತಿಂದುಕೊಂಡು ಬೆಳೆಯುತ್ತದೆ. ಮುಂಗಾರಿಗೆ ಮುಂಚೆ ಮಿಣುಕುವ ಕಾಲದಲ್ಲಿ ಗೇಟಿನ ಬಿಳಿ ಎಲ್‌ಇಡಿ ದೀಪ ಆರಿಸಿ. ಗಂಡು ಹೆಣ್ಣು ಒಂದಕ್ಕೊಂದು ಕಾಣುವುದೇ ಆ ಬೆಳಕಿನಿಂದ, ನಮ್ಮ ದೀಪದ ಮುಂದೆ ಅದರದ್ದು ಎಲ್ಲಿ ಕಾಣಬೇಕು? ಸಣ್ಣ ಜಾತಿಯ ಮರಗಪ್ಪೆಗಳಲ್ಲಿ ಕೆಲವಕ್ಕೆ ಕೆರೆ ಬೇಡ, ಹೊಂಡವೂ ಬೇಡ. ತೇವದ ಎಲೆಯ ಮೇಲೋ ದರಗಿನಲ್ಲೋ ಇಟ್ಟ ಮೊಟ್ಟೆಯಿಂದ ಗೊದಮೊಟ್ಟೆ ಆಗದೆ ನೇರ ಕಪ್ಪೆಮರಿಯೇ ಹೊರಬರುತ್ತದೆ. ಬೆರಳ ಉಗುರಿಗಿಂತ ಚಿಕ್ಕದು.

ಹಾಗೇ ಒಂದು ಮೊರದಷ್ಟು ನೆಲವನ್ನು ಏನೂ ಹೊದಿಸದೆ ಬರಿದಾಗಿ ಬಿಡಿ. ನಮ್ಮ ಒಂಟಿ ಜೇನುಗಳಲ್ಲಿ ಎಷ್ಟೋ ಜಾತಿ ಮಣ್ಣಿನಲ್ಲಿ ಗೂಡು ಕೊರೆಯುತ್ತವೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆಯ ಜೇನು ಹಳೇ ಮಣ್ಣಿನ ಗೋಡೆಯಲ್ಲೂ ತೂತು ಮಾಡುತ್ತದೆ. ಬದನೆ, ಟೊಮೆಟೊ ಹೂವನ್ನು ಹಿಡಿದು ಜುಯ್ಯೆಂದು ಅದುರಿಸಿ ಪರಾಗ ಉದುರಿಸುವುದು ಇದೇ. ತುಡುವೆ ಜೇನಿಗೆ ಆ ವಿದ್ಯೆ ಬರುವುದಿಲ್ಲ. ಸಂಜೆ ಟಾರ್ಚ್ ಹಿಡಿದು ನೋಡಿದರೆ ಈ ನೀಲಿ ಪಟ್ಟೆಯ ಜೇನುಗಳು ಒಣ ಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸಾಲಾಗಿ ನಿದ್ದೆ ಮಾಡುತ್ತಿರುತ್ತವೆ. ಕಾಲಿನಿಂದ ಹಿಡಿದುಕೊಳ್ಳುವ ಗೋಜಿಗೇ ಹೋಗುವುದಿಲ್ಲ.

ಈಗ ಭಯದ ವಿಷಯಕ್ಕೆ ಬರೋಣ. ಹಾವು ಬರುತ್ತದೆ ಅಂತ ನೀವೆಲ್ಲ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೀರಿ. ಬರಬಹುದು. ಮಲೆನಾಡಿನಲ್ಲಿ ಗಿಡ ಇಲ್ಲದ ಮನೆಗೂ ಹಾವು ಬರುತ್ತದೆ. ಹಾವನ್ನು ಕರೆಯುವುದು ಜಾಸ್ತಿ ಇಲಿ. ಇಲಿಯನ್ನು ಕರೆಯುವುದು ಚೆಲ್ಲಿದ ಅನ್ನ, ಕೋಳಿಯ ಕಾಳು, ಪೇರಿಸಿಟ್ಟ ಹಂಚು, ಸೌದೆ. ಬಾಗಿಲಿನ ಸುತ್ತ ಹತ್ತಡಿ ಬಯಲಾಗಿ ಇಡಿ. ಬಚ್ಚಲಿಗೆ, ಕೊಟ್ಟಿಗೆಗೆ ಹೋಗುವ ದಾರಿಯ ಎರಡೂ ಪಕ್ಕ ಗಿಡ ಬಾಗದಂತೆ ಕತ್ತರಿಸಿ. ರಾತ್ರಿ ಟಾರ್ಚ್ ಇಲ್ಲದೆ ಹೊರಡಬೇಡಿ. ಮಟ್ಟಿ, ದರಗು ಎಲ್ಲ ಅದರಾಚೆಗೆ.

ಉಣುಗಿನ ವಿಷಯ ಇದಕ್ಕಿಂತ ಗಂಭೀರ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ. ಅದು ಹರಡುವುದು ಉಣುಗಿನಿಂದ, ಡಿಸೆಂಬರಿನಿಂದ ಮೇ ತನಕ ಜಾಸ್ತಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಡಂಚಿನ ಮನೆಯವರಿಗೆ ನಾನು ದರಗಿನ ಬಗ್ಗೆ ಹೇಳಿದ್ದು ಹಾಗೇ ಅನ್ವಯಿಸುವುದಿಲ್ಲ. ಆ ತಿಂಗಳುಗಳಲ್ಲಿ ಕಾಡಿನ ದರಗು ತಂದು ಮನೆಯ ಬುಡದಲ್ಲಿ ಹಾಕಬೇಡಿ. ಅಂಗಳ ಚೊಕ್ಕಟ ಇರಲಿ. ತೋಟಕ್ಕೆ ಹೋಗುವಾಗ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಮೇಲೆ ಬಟ್ಟೆ ಬದಲಿಸಿ ಬಿಸಿನೀರು ಸ್ನಾನ ಮಾಡಿ. ಮಂಗ ಸತ್ತಿದ್ದರೆ ಮುಟ್ಟದೆ ತಿಳಿಸಿ. ಚಿಟ್ಟೆ ಮುಖ್ಯ, ಮನೆಯವರು ಅದಕ್ಕಿಂತ ಮುಖ್ಯ.

ಸಭೆಯಲ್ಲಿ ಬಂದ ಪ್ರಶ್ನೆಗಳು.

ನಾವು ಬಾಡಿಗೆ ಮನೆ, ಮಹಡಿ ಮೇಲಿದ್ದೇವೆ, ನೆಲವೇ ಇಲ್ಲ. ಏನು ಮಾಡುವುದು? — ದೊಡ್ಡ ಕುಂಡದಲ್ಲಿ ನಿಂಬೆ, ಇನ್ನೊಂದರಲ್ಲಿ ತುಂಬೆ. ಹಕ್ಕಿಗೆ ನೀರಿಡುವವರು ಎರಡು ದಿನಕ್ಕೊಮ್ಮೆ ತಟ್ಟೆ ತಿಕ್ಕಿ ನೀರು ಬದಲಿಸಿ. ಡೆಂಗಿ ಸೊಳ್ಳೆಗೆ ವಾರ ಸಾಕು.

ಪಕ್ಕದ ಮನೆಯವರು ಇದೇನು ಕಾಡು ಬೆಳೆಸಿದ್ದೀರಿ ಅನ್ನುತ್ತಾರೆ. — ಅಂಚನ್ನು ಮಾತ್ರ ನೇರವಾಗಿ ಕತ್ತರಿಸಿ, ದಾರಿಗೆ ನಾಲ್ಕು ಕಲ್ಲು ಹಾಸಿ. ಒಳಗೆ ಎಷ್ಟೇ ಮಟ್ಟಿ ಇದ್ದರೂ ಬೇಕಂತಲೇ ಬೆಳೆಸಿದ್ದು ಅಂತ ಗೊತ್ತಾಗುತ್ತದೆ. ಈಶ್ವರಿ ಬಳ್ಳಿಯ ಒಂದು ಸಸಿಯನ್ನು ಅವರಿಗೂ ಕೊಟ್ಟು ನೋಡಿ.

ಹಣ್ಣಿನ ಮರ ಹಾಕಿದರೆ ಮಂಗ ಬಂದು ಹಂಚು ಒಡೆಯುತ್ತವೆ. — ಇದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಮಂಗನ ಕಾಟ ಇರುವಲ್ಲಿ ಹಣ್ಣಿನ ಮರಗಳನ್ನು ಮನೆಯಿಂದ ದೂರದ ಬೆಟ್ಟದ ಅಂಚಿಗೆ ಹಾಕಿ. ಮನೆಯ ಹತ್ತಿರ ಎಲೆಗಾಗಿ, ಹೂವಿಗಾಗಿ ಬೆಳೆಸುವ ಗಿಡ ಇರಲಿ.

ಸಸಿ ಎಲ್ಲಿ ಸಿಗುತ್ತದೆ? — ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಕಾಡು ಜಾತಿಯ ಸಸಿ ಕಡಿಮೆ ಬೆಲೆಗೆ ಸಿಗುತ್ತದೆ. ಮಳೆ ಹಿಡಿಯುವ ಮುಂಚೆಯೇ ಹೋಗಿ ವಿಚಾರಿಸಿಕೊಳ್ಳಿ. ತಡವಾದರೆ ಬೇಕಾದ ಜಾತಿ ಖಾಲಿಯಾಗಿರುತ್ತದೆ. ಈಶ್ವರಿ ಬಳ್ಳಿಯನ್ನು ಮಾತ್ರ ನೆಂಟರಿಷ್ಟರ ಬೇಲಿಯಲ್ಲೇ ಹುಡುಕಬೇಕು, ಬೀಜದಿಂದ ಹುಟ್ಟುತ್ತದೆ.

ನಮ್ಮ ಮುರುಗಲು ಮರ ಹತ್ತು ವರ್ಷವಾದರೂ ಒಂದು ಕಾಯಿ ಬಿಟ್ಟಿಲ್ಲ, ಹೂ ಮಾತ್ರ ಬರುತ್ತದೆ. ಕಡಿದು ಬೇರೆ ಹಾಕಲಾ? — ಅದು ಗಂಡು ಮರ ಇರಬೇಕು. ಮುರುಗಲಿನಲ್ಲಿ ಗಂಡು ಹೆಣ್ಣು ಬೇರೆ ಬೇರೆ ಮರ. ಸಸಿಯಾಗಿದ್ದಾಗ ಗೊತ್ತಾಗುವುದಿಲ್ಲ, ಹೂ ಬಿಟ್ಟ ಮೇಲೇ ಗೊತ್ತು. ಕಡಿಯಬೇಡಿ. ಅಕ್ಕಪಕ್ಕದ ಹಿತ್ತಲಿನ ಹೆಣ್ಣು ಮರಗಳು ಕಾಯಿ ಕಚ್ಚಲು ಇಂಥ ಒಂದು ಗಂಡು ಮರವೇ ಬೇಕು. ನಿಮಗೆ ಹಣ್ಣು ಬೇಕಿದ್ದರೆ ಹೆಣ್ಣು ಮರದ ಕಸಿ ಸಸಿ ತಂದು ಅದರ ಪಕ್ಕದಲ್ಲೇ ಇನ್ನೊಂದು ನೆಡಿ.